ಗಂಟೆಯ ನಾಲಿಗೆಗೆ ಕಟ್ಟಿದ ಚೀಟಿ

ಕಾಲರಿಗೆ ಇಡುವ ಕ್ಯಾನ್ವಾಸ್ ತುಂಡು ಹುಡುಕಲು ಟೈಲರ್ ಕಟಿಂಗ್ ಟೇಬಲ್ಲಿನ ಕೆಳಗೆ ಕೈ ಹಾಕಿದ. ತಣ್ಣಗೆ ಏನೋ ತಗುಲಿತು. ಎಳೆದು ನೋಡಿದರೆ ಶಾಲೆಯ ಗಂಟೆ.

ಅಂದು ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳಿಗೆ ಕೊನೆಯ ದಿನ. ಹೋಗುವಾಗ ಏನಾದರೊಂದು ಕಿತಾಪತಿ ಮಾಡಿಯೇ ಹೋಗುವುದು ಅಲ್ಲಿನ ಹಳೆಯ ರೂಢಿ. ಒಂದು ವರ್ಷ ಬೆಂಚುಗಳೆಲ್ಲ ತಾರಸಿ ಹತ್ತಿದ್ದವು. ಇನ್ನೊಂದು ವರ್ಷ ಸ್ಟಾಫ್ ರೂಮಿನಲ್ಲಿ ಕೋಳಿಗಳು ಓಡಾಡಿದ್ದವು. ಈ ವರ್ಷ ವರ್ಗವಾಗಿ ಬಂದ ಹೊಸ ಹೆಡ್‌ಮಿಸ್ಟ್ರೆಸ್ ಮನೆಮನೆಗೆ ನೋಟಿಸ್ ಕಳಿಸಿದ್ದರು: ಕಿತಾಪತಿ ಮಾಡಿದವರಿಗೆ ನಡತೆ ಪತ್ರ ಕೊಡುವುದಿಲ್ಲ. ನಡತೆ ಪತ್ರವಿಲ್ಲದಿದ್ದರೆ ಮಗನಿಗೆ ಪಾಲಿಟೆಕ್ನಿಕ್ ಸೀಟಿಲ್ಲ, ಸಲ್ಲಿಸಲು ನಾಳೆಯೇ ಕಡೆಯ ದಿನ.

"ಇವಳೇ, ಮಗ ಎಲ್ಲಿ?" ಎಂದು ಕೂಗಿದ.

"ಆಗಲೇ ಸ್ಕೂಲಿಗೆ ಹೋದ. ಯಾಕ್ರೀ?" ಹೆಂಡತಿ ಒಳಗಿನಿಂದಲೇ ಕೇಳಿದಳು.

"ಏನಿಲ್ಲ. ಸುಮ್ನೆ."

ಟೈಲರ್ ತಲೆಯೆತ್ತಿ ಗೋಡೆ ನೋಡಿದ. ಕನ್ನಡಿಯ ಮೇಲೆ ಚೌಕಟ್ಟಿನಲ್ಲಿ ಅವನ ಸ್ವಂತ ನಡತೆ ಪತ್ರ ತೂಗುತ್ತಿತ್ತು. 'ಗುಣ, ನಡತೆ: ಅತ್ಯುತ್ತಮ.' ಆ ಶಾಲೆಯಲ್ಲಿ ವರ್ಷಕ್ಕೆ ಒಬ್ಬರಿಗೆ ಮಾತ್ರ 'ಅತ್ಯುತ್ತಮ', ಉಳಿದವರಿಗೆಲ್ಲ 'ಉತ್ತಮ'. ಅದು ತನಗೆ ಹೇಗೆ ಬಂತೆಂಬುದು ಇಪ್ಪತ್ತೆಂಟು ವರ್ಷಗಳಿಂದ ಅವನಿಗೂ ತಿಳಿದಿರಲಿಲ್ಲ. ತಾನಾಗಿ ಬಂದದ್ದನ್ನು ಬೇಡವೆನ್ನುವಷ್ಟು ದಡ್ಡನೂ ಅವನಲ್ಲ. ಮಗ ಊಟಕ್ಕೆ ತಡವಾಗಿ ಬಂದರೂ ಸರಿ, ಲೆಕ್ಕದಲ್ಲಿ ಎರಡು ಅಂಕ ಕಳೆದುಕೊಂಡರೂ ಸರಿ, ಗಂಟಲು ಸರಿಮಾಡಿಕೊಂಡು ಆ ಕಡೆ ಬೆರಳು ತೋರಿಸಿ "ಅಲ್ಲಿ ನೋಡು ಮಗನೇ" ಎನ್ನುತ್ತಿದ್ದ.

ಆದರೆ ಹೆಂಡತಿಗೂ ಹೇಳದ ಗುಟ್ಟೊಂದಿತ್ತು. ತನ್ನ ಕೊನೆಯ ವರ್ಷದಲ್ಲಿ ಅವನು ಇದೇ ಗಂಟೆಯನ್ನು ಕದ್ದು, ಹೆಡ್‌ಮಾಸ್ಟರರ ಬೋಳುತಲೆಯ ಮೇಲೆ ನಾಲ್ಕು ಸಾಲು ಪದ್ಯ ಬರೆದು ಗಂಟೆಯ ನಾಲಿಗೆಗೆ ಕಟ್ಟಿ, ಶಾಲೆಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ್ದ. ಮರುದಿನವೇ ಕೆಲಸ ಕಲಿಯಲು ಸೋದರಮಾವನ ಅಂಗಡಿಗೆ ಬೇರೆ ಊರಿಗೆ ಹೋದ. ಹಿಂದೆ ಏನಾಯಿತೋ ಗೊತ್ತಿಲ್ಲ. ತಿಂಗಳ ಮೇಲೆ ಅಂಚೆಯಲ್ಲಿ 'ಅತ್ಯುತ್ತಮ' ಬಂತು.

"ನೂಲಿನಂತೆ ಸೀರೆ" ಎಂದು ನಿಟ್ಟುಸಿರುಬಿಟ್ಟು ಗಂಟೆಯನ್ನು ಬೋರಲು ಹಾಕಿದ. ನಾಲಿಗೆಗೆ ಒಂದು ಚೀಟಿ ಕಟ್ಟಿತ್ತು. ಇವನೂ ಪದ್ಯ ಬೇರೆ ಬರೆದಿದ್ದಾನೆ! ಓದಿದರೆ ಮಗನ ಮೇಲೆ ಕೈ ಮಾಡಿಬಿಟ್ಟೇನೆಂದು ಹೆದರಿ, ಚೀಟಿಯ ಮೇಲೆಯೇ ಬಟ್ಟೆ ಚೂರುಗಳನ್ನು ಸುತ್ತಿ ಗಂಟೆಯ ಬಾಯಿ ಮುಚ್ಚಿಸಿದ. ತೂಗುಹಾಕುವ ಪಟ್ಟಿ ಎಳೆಎಳೆಯಾಗಿ ಸವೆದದ್ದು ಕಣ್ಣಿಗೆ ಬಿತ್ತು. ಮನೆಗೆ ಬೆಂಕಿ ಬಿದ್ದಾಗ ಪರದೆಯ ಅಂಚು ಹೊಲಿಯುವವರುಂಟೇ? ಯಾರೂ ನೋಡುವ ಮುಂಚೆ ಗಂಟೆ ಕೊಕ್ಕೆಗೆ ಹೋಗಬೇಕು, ಅಷ್ಟೇ.

ಕೋಟು ತೊಡಿಸುವ ಗೊಂಬೆ ಒಳಗೆ ಟೊಳ್ಳು. ಅದರ ಹೊಟ್ಟೆಗೆ ಗಂಟೆ ತುರುಕಿ, ಮೇಲೆ ಅರ್ಧ ಹೊಲಿದ ಕೋಟು ಹಾಕಿ, ಹೆಗಲಿಗೇರಿಸಿಕೊಂಡು ಬೀದಿಗಿಳಿದ. ಪಕ್ಕದ ಮನೆಯ ಜಗಲಿಯ ಮೇಲೆ ನಿವೃತ್ತ ಪೋಸ್ಟ್‌ಮಾಸ್ಟರ್ ಕೂತಿದ್ದರು. ಹೆಡ್‌ಮಿಸ್ಟ್ರೆಸ್ಸರ ತಂದೆ, ಮಗಳ ಜೊತೆ ಈ ವರ್ಷವೇ ಈ ಬೀದಿಗೆ ಬಂದವರು. ಬೀದಿಯ ಸುದ್ದಿಯೆಲ್ಲ ಅವರಿಂದ ಮಗಳಿಗೆ ಸಂಜೆಯೊಳಗೆ ಬಟವಾಡೆಯಾಗುತ್ತಿತ್ತು.

"ಏನಪ್ಪಾ ಟೈಲರ್, ಗೊಂಬೆ ಹೊತ್ಕೊಂಡು ಎಲ್ಲಿಗೆ ಸವಾರಿ?"

"ಸ್ಕೂಲಿಗೆ ಸಾರ್. ಕೋಟಿನ ಅಳತೆ ನೋಡೋದಿತ್ತು."

"ಯಾರ ಕೋಟು?"

"ನಿಮ್ಮ ಮಗಳದ್ದು" ಎಂದು ಬಾಯಿತಪ್ಪಿ ಬಂತು.

"ಗಂಡಸರ ಕೋಟಲ್ವಾ ಇದು? ಹೊಟ್ಟೆ ಬೇರೆ ಒಂದು ಗೇಣು ಮುಂದೆ ಬಂದಿದೆ."

ಟೈಲರ್ ಗಾಬರಿಯಲ್ಲಿ ತಿರುಗಿದ. ಗೊಂಬೆಯೊಳಗಿನ ಕಬ್ಬಿಣದ ಕಂಬಿಗೆ ಗಂಟೆ ತಗುಲಿ 'ಠಣ್' ಎಂದಿತು.

"ಏನಪ್ಪಾ ಅದು ಸದ್ದು?"

"ಗುಂಡಿ ಸಾರ್. ಹಿತ್ತಾಳೆ ಗುಂಡಿ."

"ಇಂಥ ಗುಂಡಿ ನನ್ನ ಸರ್ವೀಸಿನಲ್ಲೇ ನೋಡಿಲ್ಲ. ತಡಿ, ನಾನೂ ಬರ್ತೀನಿ. ಮಗಳು ಊಟದ ಡಬ್ಬಿ ಬಿಟ್ಟು ಹೋಗಿದ್ದಾಳೆ."

ದಾರಿಯುದ್ದಕ್ಕೂ ಗೊಂಬೆ ಠಣ್ ಎನ್ನುವುದು, ಅವರು "ಮತ್ತೆ ಗುಂಡಿಯಾ?" ಎನ್ನುವುದು, ಇವನು ಹೂಂ ಎನ್ನುವುದು.

ಶಾಲೆಯ ಮೊಗಸಾಲೆಯಲ್ಲಿ ಯಾರೂ ಇರಲಿಲ್ಲ. ಕೊಕ್ಕೆ ಖಾಲಿಯಾಗಿ ತೂಗುತ್ತಿತ್ತು. ಗೊಂಬೆಯ ಹೊಟ್ಟೆಯಿಂದ ಗಂಟೆ ಹೊರಬಂದಾಗ ಪೋಸ್ಟ್‌ಮಾಸ್ಟರರ ಕನ್ನಡಕ ಮೂಗಿನ ತುದಿಗೆ ಜಾರಿತು.

"ಸಾರ್, ನಿಮ್ಮ ಕಾಲು ಹಿಡ್ಕೋತೀನಿ, ಯಾರಿಗೂ ಹೇಳಬೇಡಿ" ಎಂದ ಟೈಲರ್. "ಮಗನ ಭವಿಷ್ಯದ ಪ್ರಶ್ನೆ."

"ನನ್ನ ಕಾಲು ಆಮೇಲೆ ನೋಡೋಣ. ಸ್ಟೂಲಿನ ಕಾಲು ಅಲ್ಲಾಡ್ತಿದೆ, ನಾನು ಹಿಡ್ಕೋತೀನಿ, ಹತ್ತು."

ಟೈಲರ್ ಹತ್ತಿದ, ಗಂಟೆಯನ್ನು ಕೊಕ್ಕೆಗೆ ಹಾಕಿದ, ನಾಲಿಗೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಳೆಯುವ ಹಗ್ಗ ಇಳಿಬಿಟ್ಟ. ಇನ್ನೇನು ಇಳಿಯಬೇಕು, ಸ್ಟೂಲು ವಾಲಿತು. ಕೈಗೆ ಸಿಕ್ಕ ಗಂಟೆಯ ಹಗ್ಗವನ್ನೇ ಹಿಡಿದು ಜೋತುಬಿದ್ದ. ಬಿಟ್ಟರೆ ಬೀಳುತ್ತಾನೆ, ಹಿಡಿದರೆ ಗಂಟೆ ಬಾರಿಸುತ್ತದೆ. ಆ ಶಾಲೆಯಲ್ಲಿ ಬಿಡದೆ ಬಾರಿಸಿದರೆ ಮನೆಗೆ ಹೋಗುವ ಗಂಟೆ ಎಂದರ್ಥ. ಕಟ್ಟೆಯೊಡೆದ ಕೆರೆಯಂತೆ ಎಲ್ಲ ತರಗತಿಗಳಿಂದ ಮಕ್ಕಳು ಚೀಲಸಮೇತ ಹೊರನುಗ್ಗಿದರು. ಆಗ ಪಟ್ಟಿ ಕಿತ್ತುಬಂತು. ಟೈಲರ್ ಗೊಂಬೆಯ ಮೇಲೆ ಬಿದ್ದ. ಗಂಟೆ ಮೆಟ್ಟಿಲು ಮೆಟ್ಟಿಲಿಗೂ ಹಾಜರಿ ಹೇಳುತ್ತ ಉರುಳಿ, ಎದುರು ಬರುತ್ತಿದ್ದ ಹೆಡ್‌ಮಿಸ್ಟ್ರೆಸ್ಸರ ಕಾಲ ಬಳಿ ನಿಂತಿತು.

"ಏನ್ರೀ ಇದು?" ಎಂದರು ಅವರು.

ಗುಂಪಿನಲ್ಲಿ ಮಗನ ಮುಖ ಕಂಡಿತು. ಟೈಲರ್ ಎರಡೂ ಕೈ ಜೋಡಿಸಿದ.

"ಮೇಡಂ, ನನ್ನ ಮಗನ್ನ ಬಿಟ್ಟುಬಿಡಿ. ಅವನು ಗಂಟೆ ಕದ್ದಿದ್ರೆ ಅದು ನನ್ನ ರಕ್ತದ ತಪ್ಪು. ನನ್ನ ಕೊನೇ ವರ್ಷ ಇದೇ ಗಂಟೇನ ತೊಟ್ಟೀಲಿ ಮುಳುಗಿಸಿದ್ದು ನಾನೇ. ನಡತೆ ಪತ್ರ ಕಿತ್ಕೊಳ್ಳೋದಿದ್ರೆ ನಂದು ಕಿತ್ಕೊಳ್ಳಿ."

"ಅಪ್ಪಾ" ಎಂದು ಮಗ ಹಣೆ ಚಚ್ಚಿಕೊಂಡ. "ರಾತ್ರಿ ನೀವು ಮಲಗಿದ್ರಿ ಅಂತ ಟೇಬಲ್ ಕೆಳಗಿಟ್ಟಿದ್ದೆ. ಚೀಟಿ ಓದ್ಲಿಲ್ವಾ ನೀವು?"

ಹೆಡ್‌ಮಿಸ್ಟ್ರೆಸ್ ಬಗ್ಗಿ, ಗಂಟೆಯ ನಾಲಿಗೆಯಿಂದ ಚೀಟಿ ಬಿಚ್ಚಿ, ಗಟ್ಟಿಯಾಗಿ ಓದಿದರು. "ಟೈಲರ್ ಅವರಿಗೆ, ಗಂಟೆಯ ಪಟ್ಟಿ ಸವೆದಿದೆ. ನಿಮ್ಮ ಮಗನ ಕೈಯಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಗಟ್ಟಿಯಾದ ಹೊಸ ಪಟ್ಟಿ ಹೊಲಿದುಕೊಡಿ." ಕೆಳಗೆ ಅವರದೇ ಸಹಿ.

ಟೈಲರ್ ಬಿದ್ದಲ್ಲಿಂದ ಏಳಲಿಲ್ಲ. ಹೆಡ್‌ಮಿಸ್ಟ್ರೆಸ್ ಚೀಟಿ ಮಡಿಸಿ, ಕನ್ನಡಕ ತೆಗೆದು ಒರೆಸಿದರು.

"ತೊಟ್ಟೀಲಿ ಅಂದ್ರಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಅಲ್ವಾ?"

"ಹೌದು ಮೇಡಂ. ನಿಮಗೆ ಹೇಗೆ..."

"ಆ ವಾರ ಗಂಟೆ ಬಾರಿಸೋ ಪಾಳಿ ನಂದು. ನಾನು ಪಕ್ಕದ ಸೆಕ್ಷನ್ನಿನ ಲೀಡರು. ಆ ವರ್ಷದ 'ಅತ್ಯುತ್ತಮ' ನನಗೆ ಅಂತ ಬರೆದಾಗಿತ್ತು. ಗಂಟೆ ಕಳೆದಿದ್ದಕ್ಕೆ ಅದನ್ನ ಹರಿದು ಹಾಕಿ ಇನ್ನೊಬ್ಬರ ಹೆಸರಿಗೆ ಬರೆದ್ರು. ಯಾರೋ ಸದ್ದುಗದ್ದಲ ಇಲ್ಲದ ಹುಡುಗನಂತೆ."

ಸ್ಟೂಲಿನ ಕಾಲನ್ನು ಇನ್ನೂ ಹಿಡಿದುಕೊಂಡೇ ಇದ್ದ ಪೋಸ್ಟ್‌ಮಾಸ್ಟರ್ ನಿಧಾನವಾಗಿ ತಲೆಯೆತ್ತಿದರು. "ಅಂದ್ರೆ ಅವತ್ತು ನೀನಲ್ವಾ ಮಗಳೇ?"

"ನಾನಲ್ಲ ಅಂತ ಅವತ್ತಿಂದ ಹೇಳ್ತಾನೇ ಇದೀನಲ್ಲ ಅಪ್ಪಾ. ರಜೆ ಪೂರ್ತಿ ಶಿಕ್ಷೆ ಅಂತ ಪೋಸ್ಟ್ ಆಫೀಸಿನಲ್ಲಿ ಕೂರಿಸಿ ಕವರಿಗೆ ಸೀಲು ಹೊಡೆಸಿದ್ರಿ. ಆ ಸರ್ಟಿಫಿಕೇಟಿನ ಕವರಿಗೂ ನಾನೇ ಸೀಲು ಹೊಡೆದಿರಬೇಕು."

ಮುದುಕರ ಕಣ್ಣು ತುಂಬಿತು. ಮಗಳ ಕೈ ಹಿಡಿದು, "ನಂಬಲಿಲ್ಲವಲ್ಲೇ ನಿನ್ನನ್ನ" ಎಂದರು. ಆಮೇಲೆ ಟೈಲರ್ ಕಡೆ ತಿರುಗಿದರು. ಆ ನೋಟ ನೋಡಿ ಟೈಲರ್ ಗೊಂಬೆಯ ಹಿಂದೆ ಸರಿದ.

ಸಂಜೆ ಪೋಸ್ಟ್‌ಮಾಸ್ಟರ್ ಸುತ್ತಿಗೆ ಸಮೇತ ಅಂಗಡಿಗೆ ಬಂದರು. ಟೈಲರ್ ಸ್ಟೂಲು ಹತ್ತಿ, ಚೌಕಟ್ಟು ಇಳಿಸಿ ಕೊಟ್ಟ. ಹೆಂಡತಿ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳಿಗೆ ಎಲ್ಲ ಸುದ್ದಿ ಬಟವಾಡೆಯಾಗಿತ್ತು.

"ಗಾಜು, ಚೌಕಟ್ಟು ನಂದು ಸಾರ್" ಎಂದ ಟೈಲರ್, ಮೆಲ್ಲಗೆ.

"ಇರಲಿ ಬಿಡಪ್ಪಾ. ನನ್ನ ಮಗಳ ಸರ್ಟಿಫಿಕೇಟಿಗೆ ಚೆನ್ನಾಗಿ ಒಪ್ಪುತ್ತೆ" ಎಂದು ಅವರು ಅದನ್ನು ಕಂಕುಳಲ್ಲಿಟ್ಟುಕೊಂಡು ಹೋದರು.

ಗೋಡೆಯ ಮೇಲೆ ಬಿಳಿಯ ಚೌಕವೊಂದು ಉಳಿಯಿತು. ಹೆಂಡತಿ ಅದೇ ಮೊಳೆಗೆ ಹೊಸ ಕಾಗದವೊಂದನ್ನು ಸಿಕ್ಕಿಸಿದಳು. ಬೆಳಿಗ್ಗೆ ಪಾಲಿಟೆಕ್ನಿಕ್‌ಗೆ ಹೋಗುವತನಕ ಅದು ಅಲ್ಲೇ ಇರಲಿ ಎಂದಳು. ಮಗನ ನಡತೆ ಪತ್ರ. 'ಅತ್ಯುತ್ತಮ.'

ಟೈಲರ್ ಗಂಟೆಯ ಪಟ್ಟಿ ಹೊಲಿಯುತ್ತ ಊಟಕ್ಕೆ ತಡಮಾಡಿದ. ಎಲ್ಲರೂ ತಟ್ಟೆಯ ಮುಂದೆ ಕಾಯುತ್ತಿದ್ದರು. ಅವನು ಬಂದು ಕೂತಾಗ ಮಗ ಗಂಟಲು ಸರಿಮಾಡಿಕೊಂಡು, ಗೋಡೆಯ ಕಡೆ ಬೆರಳು ತೋರಿಸಿದ.

"ಅಲ್ಲಿ ನೋಡಿ ಅಪ್ಪಾ."