ಫಿನಾಯಿಲ್ ರೂಮಿನ ಪರೀಕ್ಷೆ

ಬನಶಂಕರಿಯಲ್ಲಿ ಪೊರಕೆ, ಫಿನಾಯಿಲ್, ಮಾಪು ಮಾರುವ ನನಗೆ ನಗೋದಕ್ಕೆ ಬೇರೆ ಕಡೆ ಹೋಗುವ ಅಗತ್ಯ ಬಿದ್ದಿಲ್ಲ. ಆರ್ಡರ್ ಕೊಡುವವರೇ ಅದನ್ನೂ ಒದಗಿಸುತ್ತಾರೆ. ಜೆ.ಪಿ. ನಗರದ ಒಂದು ಆಫೀಸೇ ಸಾಕು. ಅಲ್ಲಿನ ಮ್ಯಾನೇಜರ್ ಈಚೆಗೆ ಫೋನ್ ಮಾಡಿ, ಹೆಡ್ಡಾಫೀಸಿನಿಂದ ಸುರಕ್ಷತೆ ನೋಡೋ ಮೇಡಂ ಬರ್ತಿದ್ದಾರೆ, ಕ್ಲೀನಿಂಗ್ ಸಾಮಾನಿನ ರೂಮು ಫೇಲಾದರೆ ನಿಮ್ಮ ಸಪ್ಲೈ ಬಂದ್ ಅಂದರು. ರೂಮು ಅವರದು, ಇಟ್ಟುಕೊಳ್ಳುವವರು ಅವರು, ಫೇಲಾಗುವವನು ಮಾತ್ರ ನಾನು. ಆದರೆ ದೊಡ್ಡ ಗಿರಾಕಿ. ತೋಳೇರಿಸಿಕೊಂಡು ಹೋದೆ.

ಅಗ್ನಿಮೂಲೆ

ಲಿಫ್ಟ್ ಪಕ್ಕದ ಒಂದು ಗೂಡು. ಒಳಗೆ ನಿಂತು ಕೈ ಚಾಚಿದರೆ ನಾಲ್ಕೂ ಮೂಲೆ ಸಿಗುತ್ತವೆ. ಅದಕ್ಕೂ ಮ್ಯಾನೇಜರ್ ವಾಸ್ತು ನೋಡುವವರನ್ನು ಕರೆಸಿದ್ದರು. ಅವರು ಟಾಯ್ಲೆಟ್ ಆಸಿಡ್ಡು, ಬ್ಲೀಚಿಂಗ್ ಪುಡಿ ಎರಡನ್ನೂ ಒತ್ತಿ ಆಗ್ನೇಯಕ್ಕೆ ಸೇರಿಸಿದ್ದರು. ಎರಡೂ ಸುಡುವ ವಸ್ತುಗಳಂತೆ. ಇವು ಬೆರೆತರೆ ವಿಷದ ಗಾಳಿ ಏಳುತ್ತೆ, ಬೇರೆ ಬೇರೆ ಇಡಬೇಕು ಅಂದೆ. ಮ್ಯಾನೇಜರ್ ನನ್ನ ಮುಖ ನೋಡಲಿಲ್ಲ, ವಾಸ್ತುವಿನವರ ಮುಖ ನೋಡಿದರು. ಗಿರಾಕಿಗೆ ತಿಳಿಯೋ ಭಾಷೆಯಲ್ಲಿ ಹೇಳದಿದ್ದರೆ ಸಾಮಾನು ಅಂಗಡಿಯಲ್ಲೇ ಉಳಿಯುತ್ತೆ.

"ಸ್ವಾಮಿ, ಬ್ಲೀಚಿಂಗ್ ಪುಡಿ ಹಾಕೋದು ನೀರಿನ ಟ್ಯಾಂಕಿಗೆ. ಅಂದ್ಮೇಲೆ ಅದು ಜಲತತ್ವ. ಈಶಾನ್ಯಕ್ಕೆ ಹೋಗಬೇಕಲ್ವಾ?"

ಅವರು ಕಣ್ಣು ಮುಚ್ಚಿ ಯೋಚಿಸಿ, ಹೌದು ಅಂದರು. ಪುಡಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಈಶಾನ್ಯ ಸೇರಿತು. ಹೊರಡುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು:

"ನೀವು ಯಾರ ಹತ್ರ ಕಲಿತಿದ್ದು?"

ತಲೆಬುರುಡೆ

ಆ ರೂಮಿನ ಬೀಗದ ಕೈ ಇರುವುದು ಹೌಸ್‌ಕೀಪಿಂಗ್ ಅಕ್ಕನ ಸೊಂಟದಲ್ಲಿ. ಇಟ್ಟಮಡುವಿನವರು. ಅವರಿಗೆ ತಲೆಬುರುಡೆ ಚಿತ್ರದ 'ವಿಷ' ಸ್ಟಿಕ್ಕರ್ ಹಾಳೆ ಕೊಟ್ಟು, ಅಪಾಯದ ಡಬ್ಬಿಗಳಿಗೆಲ್ಲ ಅಂಟಿಸಿ ಅಂದಿದ್ದೆ. ಮುಂದಿನ ಸಲ ಹೋದಾಗ ತಲೆಬುರುಡೆ ಇದ್ದದ್ದು ಅವರ ಚಿತ್ರಾನ್ನದ ಡಬ್ಬಿ ಮೇಲೆ. ಆಫೀಸಿನವರು ದಿನಾ ಅವರ ಊಟಕ್ಕೆ ಕೈ ಹಾಕುತ್ತಿದ್ದರಂತೆ, ಸ್ಟಿಕ್ಕರ್ ಬಿದ್ದ ಮೇಲೆ ಒಬ್ಬರೂ ಮುಟ್ಟಿಲ್ಲವಂತೆ. ಉಪಾಯ ಹಿಡಿಸಿ ಎಲ್ಲರೂ ಒಂದೊಂದು ಇಸ್ಕೊಂಡು ಹೋಗಿದ್ದರು. ಫ್ರಿಜ್ ತೆಗೆದು ನೋಡಿದೆ. ಮೊಸರನ್ನ, ಪುಳಿಯೋಗರೆ, ಮ್ಯಾನೇಜರ್ ಮನೆಯ ಗೊಜ್ಜವಲಕ್ಕಿ, ಎಲ್ಲವೂ ವಿಷ.

"ಆಸಿಡ್ಡಿಗೆ ಎಲ್ಲಿ ಅಕ್ಕಾ ಸ್ಟಿಕ್ಕರ್ರು?"

"ಖಾಲಿ ಆಯ್ತಣ್ಣ. ಅದನ್ನ ಯಾರು ಕದ್ದು ತಿಂತಾರೆ?"

ಆಯುಧಪೂಜೆ

ಹೊಸ ಸ್ಟಿಕ್ಕರ್ ತಗೊಂಡು ಹೋದ ದಿನವೇ ಆಫೀಸಿನಲ್ಲಿ ಆಯುಧಪೂಜೆ. ವ್ಯಾಕ್ಯೂಮ್ ಕ್ಲೀನರ್‌ಗೆ ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಮಾಪುಗಳಿಗೆಲ್ಲ ಕುಂಕುಮ ಹಚ್ಚಿದ್ದರು ಅಕ್ಕ. ಅದೆಲ್ಲ ಸರಿ. ಕರ್ಪೂರಕ್ಕೆ ಕಡ್ಡಿ ಗೀರಲು ನಿಂತಿದ್ದು ಮಾತ್ರ ಸ್ಯಾನಿಟೈಸರ್ ಕ್ಯಾನುಗಳ ನಡುವೆ. ಅದು ಪೆಟ್ರೋಲಿನ ತಮ್ಮ ಕಣಕ್ಕಾ ಅಂತ ಹೇಳಿ, ತಟ್ಟೆ ಸಮೇತ ಕಾರಿಡಾರಿಗೆ ಹೊರಡಿಸಿದೆ. ಕಾರಿಡಾರಿನ ಚಾವಣಿಯಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ ಇರುವುದನ್ನು ನಾನೂ ನೋಡಿರಲಿಲ್ಲ. ಸೈರನ್ ಕೇಳಿ ಇಡೀ ಬಿಲ್ಡಿಂಗ್ ಪಾರ್ಕಿಂಗಿಗೆ ಇಳಿಯಿತು. ಎಲ್ಲರಿಗಿಂತ ಕೊನೆಗೆ ತಟ್ಟೆ ಹಿಡಿದು ಅಕ್ಕ ಇಳಿದು ಬಂದರು.

"ಹೇಗೂ ಎಲ್ಲಾ ಸೇರಿದ್ದೀರ. ಮಂಗಳಾರತಿ ತಗೊಳ್ಳಿ."

ಮೇಡಂ ಬಂದರು

ಅಷ್ಟರಲ್ಲಿ ರೂಮಿಗೆ ಒಂದು ರೂಪ ತಂದಿದ್ದೆ. ಭಾರದ ಕ್ಯಾನುಗಳು ಕೆಳಗಿನ ಹಲಗೆಗೆ, ಮಾಪುಗಳು ಗೂಟಕ್ಕೆ, ಸ್ಟಿಕ್ಕರುಗಳು ಇರಬೇಕಾದಲ್ಲಿ. ಸುರಕ್ಷತೆಯ ಮೇಡಂ ಒಳಗೆ ನಿಂತು ಮೂಗೆಳೆದರು. ಜೋಡಣೆ ಚೆನ್ನಾಗಿದೆ, ಆದರೆ ಕಿಟಕಿಯೇ ಇಲ್ಲ, ಗಾಳಿಯಿಲ್ಲ, ಫೇಲ್ ಅಂದರು. ಮ್ಯಾನೇಜರ್ ನನ್ನ ಕಡೆ ನೋಡಿದ ನೋಟದಲ್ಲೇ ನನ್ನ ಸಪ್ಲೈ ನಿಂತುಹೋಗಿತ್ತು.

ಬಿಡಲಿಲ್ಲ ನಾನು. ಇದೇ ಸಾಮಾನು ಬೇರೆ ರೂಮಿಗೆ ಹೋದರೆ ಪಾಸ್ ಮಾಡ್ತೀರಾ ಅಂತ ಕೇಳಿದೆ. ಮಾಡ್ತೀನಿ, ಆದರೆ ಕಿಟಕಿ ಬೇಕು, ಎಕ್ಸಾಸ್ಟ್ ಫ್ಯಾನ್ ಬೇಕು, ಬಾಗಿಲಿಗೆ ಬೀಗ ಬೇಕು, ಬಿಸಿಲು ಬೀಳಬಾರದು ಅಂದರು. ಅಂಥ ಜಾಗ ಆಫೀಸಿನಲ್ಲಿ ಒಂದೇ ಇತ್ತು: ಮ್ಯಾನೇಜರ್ ಕ್ಯಾಬಿನ್. ಸಿಗರೇಟ್ ವಾಸನೆ ಹೊರಗೆ ಹೋಗಲಿ ಅಂತ ಫ್ಯಾನನ್ನು ಅವರೇ ಹಾಕಿಸಿಕೊಂಡಿದ್ದರು.

"ಅಲ್ಲಿ ನಾನು ಕೂತ್ಕೋತೀನಲ್ಲ ಮೇಡಂ," ಅಂದರು ಮ್ಯಾನೇಜರ್.

ಕೆಮಿಕಲ್ ಇರೋ ರೂಮಲ್ಲಿ ಜನ ಕೂರೋ ಹಾಗಿಲ್ಲ ಅಂತ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟರು. ಸಂಜೆಯೊಳಗೆ ಸಾಮಾನು ಅತ್ತ, ಮೇಜು ಇತ್ತ. ರೂಮು ಪಾಸು, ನನ್ನ ಸಪ್ಲೈ ಭದ್ರ. ಈಗ ನನ್ನ ಫಿನಾಯಿಲ್ಲು ಕಿಟಕಿ ಪಕ್ಕ ಹೊಂಗೆ ಮರದ ಗಾಳಿ ತಗೊಳ್ಳುತ್ತಿದೆ. ಮ್ಯಾನೇಜರ್ ಗೂಡಿನಲ್ಲಿದ್ದಾರೆ, ಕೋಟನ್ನು ಮಾಪಿನ ಗೂಟಕ್ಕೆ ನೇತುಹಾಕಿಕೊಂಡು.

ಮೊನ್ನೆ ಆರ್ಡರ್ ತಗೊಳ್ಳಲು ಹೋದಾಗ ಹಣೆ ಒರೆಸಿಕೊಳ್ಳುತ್ತಾ ಹೇಳಿದರು, "ಇಲ್ಲಿ ಗಾಳಿ ಸಾಲ್ತಿಲ್ಲ ಅಂತ ಆ ಮೇಡಂಗೆ ಬರೆದಿದ್ದೆ, ಸಾಹುಕಾರ್ರೇ."

ಏನಂದರು ಅಂತ ಕೇಳಿದೆ.

"ಆ ರೂಲು ಫಿನಾಯಿಲ್ಲಿಗೆ ಮಾತ್ರವಂತೆ."