ಎರಡು ತೋಳಿಗೂ ಬಿಗಿದ ಟವಲು

ಪುಟ್ಟಬಸಪ್ಪನಿಗೆ ಆಪರೇಷನ್ನಿನ ಭಯವೇನೂ ಇರಲಿಲ್ಲ. ಇಪ್ಪತ್ತು ವರ್ಷ ಕುಂತೂರು ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸಿದ ಮನುಷ್ಯ. ಅಪೆಂಡಿಕ್ಸ್ ಊದಿದೆ, ಇವತ್ತೇ ತೆಗೆಯಬೇಕು ಎಂದಾಗಲೂ ಸರಿ ಎಂದು ತಲೆಯಾಡಿಸಿದ್ದ. ಕೆಟ್ಟದ್ದೆಲ್ಲ ಆಮೇಲೆ. ಪಕ್ಕದ ಮನೆಯ ಶಿವನಂಜಯ್ಯ ಅವನನ್ನು ನೋಡಲು ಕೊಳ್ಳೇಗಾಲದ ನರ್ಸಿಂಗ್ ಹೋಮಿಗೆ ಬಂದು ಮಂಚದ ತುದಿಯಲ್ಲಿ, ಅವನ ಕಾಲ ಬಳಿ ಕುಳಿತ.

“ಕುಯ್ಯೋದು ಗೊತ್ತೇ ಆಗಲ್ಲ ಕಣ್ಲಾ ಬಸಪ್ಪ. ಅದ್ಕೂ ಮುಂಚೆ ಮತ್ತು ಬರ್ಲಿ ಅಂತ ನರಕ್ಕೆ ಔಸ್ದಿ ಬುಡ್ತರಲ್ಲ, ಅದು. ಮೆಣ್ಸಿನ್ಕಾಯಿ ಅರೆದು ಬುಟ್ಟಂಗೆ ಉರೀತದೆ. ಹನೂರಲ್ಲಿ ಕಣ್ಣಾರೆ ಕಂಡಿವ್ನಿ. ನಾಕು ಜನ ಇಡ್ಕಂಡ್ರೂ ನಿಲ್ನಿಲ್ಲ.”

ಪುಟ್ಟಬಸಪ್ಪನ ಹೊಟ್ಟೆನೋವು ಕೂಡ ಹೆದರಿಕೊಂಡು ಒಂದು ಗಳಿಗೆ ಹಿಂದಕ್ಕೆ ಸರಿದು ನಿಂತಿತು.

“ಏನಾರ ಮಾಡ್ಬೌದಾ ನಂಜಯ್ಯಣ್ಣ?”

“ಗದ್ದೇಲಿ ಆವು ಕಚ್ಚುದ್ರೆ ಏನ್ ಮಾಡೀವು? ಮೇಲ್ಗಡೆ ಬಿಗೀತೀವಿ. ಉರೀನೂ ಅಷ್ಟೇಯ. ಎದೆಗಂಟ ಏರದಂಗೆ ತಡುದ್ರೆ ಆಯ್ತು.”

“ಯಾವ್ ಕೈಗೆ ಚುಚ್ತರೋ ಏನೋ,” ಎಂದಳು ಹೆಂಡತಿ ಕೆಂಪಾಜಮ್ಮ.

“ಎಲ್ಡಕ್ಕೂ ಬಿಗ್ದ್ಬುಡವ.”

ಟವಲು ಎರಡಾಗಿ ಹರಿಯಿತು. ಕಬ್ಬಿನ ಲೋಡಿಗೆ ಹಾಕುವ ಗಂಟನ್ನೇ ಶಿವನಂಜಯ್ಯ ಎರಡು ತೋಳಿಗೂ ಹಾಕಿದ. ಮೇಲೆ ಆಸ್ಪತ್ರೆಯ ಹಸಿರು ಅಂಗಿಯ ತೋಳು ಇಳಿಬಿಟ್ಟರೆ ಯಾರಿಗೂ ಕಾಣದು.

ಒಳಗೆ ಬೇರೆ ಯಾರದೋ ಆಪರೇಷನ್ ನಡೆಯುತ್ತಿತ್ತು. ಕಾಯಿಸಿದರು. ಬೆರಳಿಗೆ ಮೊದಲು ಇರುವೆ ಹರಿದ ಹಾಗಾಯಿತು, ಆಮೇಲೆ ಬದನೆಕಾಯಿ ಬಣ್ಣ ಬಂತು.

“ಒಸಿ ಸಡಿಲ ಮಾಡ್ಕಳಿ,” ಎಂದಳು ಕೆಂಪಾಜಮ್ಮ.

“ಸುಮ್ಕಿರು. ಸಡಿಲ ಮಾಡುದ್ರೆ ಉರಿ ನುಗ್ತದೆ.”

ಮುಕ್ಕಾಲು ಗಂಟೆ ಕಳೆದ ಮೇಲೆ ಅರಿವಳಿಕೆ ಕೊಡುವ ಡಾಕ್ಟರ್ ಮಾಲಿನಿ ಸೂಜಿ ಹಾಕಲು ಬಂದರು. ಅಂಗಿಯ ತೋಳು ಸರಿಸಿದರು. ಇನ್ನೊಂದನ್ನೂ ಸರಿಸಿದರು.

“ಏನ್ರೀ ಇದು?”

“ಔಸ್ದಿ ಉರಿ ಎದೆಗೆ ಏರ್ಬಾರ್ದು ಅಂತ ಮೇಡಮ್ಮೋರೆ.”

“ಅದಕ್ಕೆ ನಾನಿಲ್ವಾ? ಮೊಣಕೈ ಹತ್ರ ದಪ್ಪ ನರ ಹಿಡಿದು, ಮೊದಲು ಮರಗಟ್ಟಿಸೋ ಔಷಧಿ ಕೊಟ್ಟು, ಆಮೇಲೆ ಮತ್ತು ಬರೋದನ್ನ ಕೊಡ್ತಿದ್ದೆ. ಉರಿ ಗೊತ್ತೇ ಆಗ್ತಿರಲಿಲ್ಲ. ಈಗ ಎರಡು ಕೈಯೂ ಹಿಂಗೆ ಊದ್ಕೊಂಡಿವೆ, ನರ ಎಲ್ಲಿ ಹುಡುಕಲಿ? ಯಾರು ಕಟ್ಟಿದ್ದು?”

ಗಂಡ ಹೆಂಡತಿ ಇಬ್ಬರೂ ಮಂಚದ ತುದಿಯನ್ನು ನೋಡಿದರು.

“ಉರಿಯೋದು ನಿಮಗೆ ಹೇಗೆ ಗೊತ್ತು? ಯಾವ ಆಪರೇಷನ್ ಆಗಿತ್ತು?” ಡಾಕ್ಟರ್ ಕೇಳಿದರು.

“ನಂಗಾಗಿಲ್ಲ ಮೇಡಮ್ಮೋರೆ,” ಎಂದ ಶಿವನಂಜಯ್ಯ. “ನಮ್ಮೆತ್ತಿಗೆ. ಹನೂರು ದನದ ಡಾಕ್ಟ್ರು ಮಾಡಿದ್ದು.”

“ಉರೀತಿದೆ ಅಂತ ಎತ್ತು ಹೇಳ್ತಾ?”

“ಒದೀತು.”

ಡಾಕ್ಟರ್ ಕತ್ತರಿ ತರಿಸಿ ಎರಡು ಗಂಟನ್ನೂ ಕತ್ತರಿಸಿದರು. ನಿಂತಿದ್ದ ನೆತ್ತರು ಒಮ್ಮೆಗೇ ನುಗ್ಗಿ, ಯಾವ ಔಷಧಿಯೂ ಇಲ್ಲದೆ ಪುಟ್ಟಬಸಪ್ಪನ ಎರಡು ಕೈಯೂ ಧಗಧಗ ಉರಿದವು. ಅವನು ಹಲ್ಲು ಕಚ್ಚಿ ಸುಧಾರಿಸಿಕೊಳ್ಳುವಷ್ಟರಲ್ಲಿ ಡಾಕ್ಟರ್ ಹೊದಿಕೆ ಸರಿಸಿ ಅವನ ಪಾದ ತಡವುತ್ತಿದ್ದರು.

“ಇನ್ನು ಕಾಲಿಗೇ ಹಾಕ್ಬೇಕು.”

“ಕಾಲಲ್ಲಿ ಉರಿಯಾಕಿಲ್ವಾ ಮೇಡಮ್ಮೋರೆ?”

“ಅಲ್ಲಿ ನರ ಸಣ್ಣದು. ಮರಗಟ್ಟಿಸಿದ್ರೂ ಸ್ವಲ್ಪ ಉರಿಯುತ್ತೆ. ತಡ್ಕೊಳಿ.”

ಪುಟ್ಟಬಸಪ್ಪ ಶಿವನಂಜಯ್ಯನನ್ನೇ ದಿಟ್ಟಿಸಿ ನೋಡಿದ.

ಶಿವನಂಜಯ್ಯ ಮಂಚದ ತುದಿಯಿಂದ ಸದ್ದಿಲ್ಲದೆ ಎದ್ದು, ತಲೆಯ ಕಡೆಗೆ ಹೋಗಿ ನಿಂತುಕೊಂಡ.