ಮಳೆ ಕದ್ದ ಆರೋಪದ ಬಗ್ಗೆ ಲೇಖನಸಾರಥಿಯವರಿಗೆ

ಆನ್‌ಲೈನ್ ಪದವಿ ಕಾಲೇಜಿನ ಬರವಣಿಗೆ ಕೋರ್ಸಿನ ಬಾಗಿಲಲ್ಲಿ ಊಟ ನಿದ್ದೆ ಬಿಟ್ಟು ನಿಂತು, ಬಂದವರ ಬರಹವನ್ನು ಅಳೆದು ತೂಗಿ ಒಳಗೆ ಬಿಡುವ ಸ್ವಯಂಚಾಲಿತ ಮೌಲ್ಯಮಾಪಕರಾದ ಮಾನ್ಯ ಲೇಖನಸಾರಥಿಯವರೇ,

ಬಣಕಲ್ ಸಮೀಪದ ಸಣ್ಣ ಕಾಫಿ ಬೆಳೆಗಾರರಾದ ಮಂಜಯ್ಯನವರ ಹೆಂಡತಿ ಶಿವಗಂಗಮ್ಮ ಮಾಡುವ ನಮಸ್ಕಾರಗಳು. ತಮ್ಮ ಸರ್ವರ್ ಯಾವ ಊರಿನಲ್ಲಿದೆಯೋ ನನಗೆ ತಿಳಿಯದು, ಆದರೂ ಆ ಊರಿನಲ್ಲಿ ಈ ಸಲ ಕಾಫಿ ಹೂವರಳಿಸುವ ಹೂಮಳೆ ಚೆನ್ನಾಗಿ ಆಗಿದೆ ಎಂದು ನಂಬಿದ್ದೇನೆ. ಆಗಿರದಿದ್ದರೆ ಬೇಸರ ಪಡಬೇಡಿ, ಆಲ್ದೂರಿನ ಕಡೆಯೂ ಸರಿಯಾಗಿ ಆಗಿಲ್ಲವಂತೆ.

ತಮ್ಮನ್ನು ಮೊದಲೇ ಮಳೆಯ ಬಗ್ಗೆ ವಿಚಾರಿಸಿದ್ದಕ್ಕೆ ಕಾರಣವಿದೆ. ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಗಿ, ಮಕ್ಕಳನ್ನೆಲ್ಲ ಓದಿಸಿದ ಮೇಲೆ, ಮನಸ್ಸಿಗೆ ಬಂದದ್ದನ್ನು ನಾಲ್ಕು ಜನ ಓದುವ ಹಾಗೆ ಬರೆಯಲು ಕಲಿಯಬೇಕೆಂಬ ಹಳೆಯ ಆಸೆಯಿಂದ ನಾನು ತಮ್ಮ ಕಾಲೇಜಿಗೆ ಸೇರಿದೆ. ‘ಆರಂಭಿಸೋಣ ಬನ್ನಿ’ ಎಂಬ ಮೊದಲ ಪಾಠದಲ್ಲಿ ‘ನಿಮ್ಮನ್ನು ಸಹಪಾಠಿಗಳಿಗೆ ಸಹಜವಾಗಿ ಪರಿಚಯಿಸಿಕೊಳ್ಳಿ’ ಎಂದು ತಾವು ಅಪ್ಪಣೆ ಮಾಡಿದಿರಿ. ಆ ಪರಿಚಯವನ್ನು ತಾವು ಶನಿವಾರದೊಳಗೆ ಒಪ್ಪದಿದ್ದರೆ ಎರಡನೆಯ ಪಾಠ ತೆರೆಯುವುದಿಲ್ಲ, ನನ್ನ ಸೀಟು ಹೋಗುತ್ತದೆ ಎಂದೂ ತಿಳಿಸಿದಿರಿ.

ನಾನು ಸಹಜವಾಗಿಯೇ ಬರೆದೆ. ನಮ್ಮ ಕಡೆ ಯಾವ ಮಾತಾದರೂ ಶುರುವಾಗುವುದು ಮಳೆಯಿಂದ. ಮದುವೆಗೆ ಕರೆಯಲು ಬಂದವರೂ ಸಾವಿನ ಸುದ್ದಿ ಹೇಳಲು ಫೋನು ಮಾಡಿದವರೂ ಮೊದಲು “ನಿಮ್ಮಲ್ಲಿ ಎಷ್ಟಾಯ್ತು?” ಎಂದು ಕೇಳುತ್ತಾರೆ, ಈ ಕಡೆಯವರು ಇಂಚಿನಲ್ಲಿ, ಇಂಚಿನ ನೂರನೇ ಪಾಲಾದ ಸೆಂಟ್ಸಿನಲ್ಲಿ ಲೆಕ್ಕ ಒಪ್ಪಿಸುತ್ತಾರೆ, ಆಮೇಲೆಯೇ ಸತ್ತವರು ಯಾರೆಂದು ಗೊತ್ತಾಗುವುದು. ಹಾಗಾಗಿ ನಾನು, “ನಮ್ಮಲ್ಲಿ ಮೊನ್ನೆ ಸಂಜೆ ಒಂದು ಇಂಚು ಹತ್ತು ಸೆಂಟ್ಸ್ ಆಯಿತು, ಹೂವಿಗೆ ತೊಂದರೆಯಿಲ್ಲ, ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ” ಎಂದು ಆರಂಭಿಸಿ, ಕೊನೆಯಲ್ಲಿ ನನ್ನ ಹೆಸರು ಬರೆದು ಕಳಿಸಿದೆ.

ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ಓದಿ, ಕೆಂಪು ಅಕ್ಷರದಲ್ಲಿ ‘ಕೃತಿಚೌರ್ಯ’ ಎಂದು ತೀರ್ಪು ಕೊಟ್ಟಿರಿ, ಯಾರ ಬರಹ ಕದ್ದೆನೆಂದು ಪಕ್ಕದಲ್ಲೇ ತೋರಿಸಿದಿರಿ. ದೇವರಮನೆ ಗುಡ್ಡದ ಕಡೆಯ ಒಂದು ಹೋಂಸ್ಟೇಯಲ್ಲಿ ಕೆಲಸ ಮಾಡುವ ಕುಸುಮಾ ಎಂಬ ಹುಡುಗಿ ಇದೇ ತರಗತಿಗೆ ಸೇರಿ, ನನಗಿಂತ ಮುಂಚೆ ತನ್ನ ಪರಿಚಯ ಕಳಿಸಿದ್ದಳು. ಅವಳೂ ಮೊನ್ನೆ ಸಂಜೆಯ ಮಳೆ, ಹೂವು, ಇನ್ನೊಂದು ಮಳೆ, ಕಾಯಿ ಎಂದೇ ಬರೆದಿದ್ದಳು. ಇಬ್ಬರು ಹೆಂಗಸರು ಒಂದೇ ಮಳೆಯಲ್ಲಿ ನೆನೆದರೆ ಅವರಲ್ಲಿ ಆಮೇಲೆ ನೆನೆದವಳು ಕಳ್ಳಿ ಎಂದು ಕಂಡುಹಿಡಿದ ತಮ್ಮ ಜಾಣತನಕ್ಕೆ ಸಾವಿರ ಶರಣು. ನಮ್ಮ ಪೊಲೀಸ್ ಠಾಣೆಯವರು ಮೆಣಸಿನ ಮೂಟೆ ಕದ್ದವರನ್ನೇ ಇನ್ನೂ ಹುಡುಕುತ್ತಿದ್ದಾರೆ.

ಬಾಯಿಮಾತಿಗೆ ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ, ಆ ಕೆಂಪು ಅಕ್ಷರ ನೋಡಿ ನನಗೆ ನಿಜವಾಗಿಯೂ ಅಳು ಬಂತು. ಸ್ಟೋರಿನಲ್ಲಿ ಗೋಣಿಚೀಲ ಮಡಚುತ್ತಿದ್ದ ನಮ್ಮ ಯಜಮಾನರು ಬಂದು ಪರದೆಯನ್ನು ದಿಟ್ಟಿಸಿ ನೋಡಿ, “ಅಲ್ಲ ಮಾರಾಯ್ತಿ, ಬರೀ ನಮ್ ಮಳೆನೇ ಹೇಳಿದೀಯಲ್ಲ, ಅವ್ರ ಕಡೆ ಆಯ್ತಾ ಅಂತ ಒಂದ್ ಮಾತು ಕೇಳ್ಬಾರ್ದಿತ್ತಾ? ಅವ್ರಲ್ಲಿ ಆಗಿಲ್ಲ ಅಂದ್ರೆ ಹೊಟ್ಟೆ ಉರಿಯಲ್ವಾ?” ಎಂದರು. ಅವರ ಮಾತು ನನಗೆ ಸರಿಯೆನಿಸಿತು. ಆದ್ದರಿಂದಲೇ ಈ ಪತ್ರದ ತಲೆಯಲ್ಲಿ ತಮ್ಮ ಕಡೆಯ ಹೂಮಳೆಯನ್ನು ವಿಚಾರಿಸಿಕೊಂಡಿದ್ದೇನೆ.

ಕಳ್ಳತನದ ವಿಷಯ ಇತ್ಯರ್ಥ ಮಾಡಿಕೊಳ್ಳೋಣವೆಂದು ನಾನು ಕುಸುಮಾಳ ಹೋಂಸ್ಟೇಗೆ ಫೋನು ಮಾಡಿದೆ. ಅವಳು ಎತ್ತಿದವಳೇ “ನಿಮ್ ಕಡೆ ಎಷ್ಟಾಯ್ತು ಅಮ್ಮಾ?” ಎಂದಳು. ನಾನು ಹೇಳಿದೆ, ಅವಳು ಹೇಳಿದಳು, ಅವರಲ್ಲಿ ನಮಗಿಂತ ಹದಿನೈದು ಸೆಂಟ್ಸ್ ಹೆಚ್ಚಾಗಿತ್ತು, ಅದು ಗುಡ್ಡದ ನೆತ್ತಿಯಲ್ಲವೇ ಎಂದು ನಾನು ಸಮಾಧಾನ ಮಾಡಿಕೊಂಡೆ, ಜಾವಳಿ ಕಡೆ ಬಿದ್ದ ಆಲಿಕಲ್ಲಿನ ಮಾತು ಬಂತು. ಫೋನು ಇಟ್ಟ ಮೇಲೆಯೇ ನನಗೆ ಕಳ್ಳತನದ ನೆನಪಾದದ್ದು.

ಆಮೇಲೆ ನಾನು ತಿದ್ದಿ ಬರೆದೆ. ಮಳೆಯನ್ನು ಎರಡನೆಯ ಪ್ಯಾರಾಕ್ಕೆ ಸರಿಸಿದಾಗ, ‘ಈ ಮಾಹಿತಿಗೆ ಆಧಾರ ಸೂಚಿಸಿ’ ಎಂದು ತಾವು ಕೇಳಿದಿರಿ. ‘ಆಧಾರ: ನಮ್ಮ ಬಚ್ಚಲುಮನೆಯ ಹಿಂದಿನ ಮಳೆಮಾಪಕ’ ಎಂದು ನಾನು ಪ್ರಾಮಾಣಿಕವಾಗಿ ನಮೂದಿಸಿದರೆ, ಲಿಂಕ್ ತೆರೆಯುತ್ತಿಲ್ಲ ಎಂದಿರಿ. ತೆರೆಯುವುದು ಬಹಳ ಸುಲಭ, ಮೇಲಿನ ತಗಡಿನ ಲಾಳಿಕೆಯನ್ನು ಎತ್ತಿದರೆ ಸಾಕು. ಕೊನೆಗೆ ಮಳೆಯನ್ನೇ ಬಿಟ್ಟು, ಅರಳಿದ ಕಾಫಿ ಹೂವಿನ ಘಮದಿಂದ ಆರಂಭಿಸಿದೆ. ಅದು ಯಾವುದೋ ರೆಸಾರ್ಟಿನ ಜಾಹೀರಾತಿನಿಂದ ಕದ್ದದ್ದು ಎಂದು ತಾವು ಸಾಕ್ಷಿ ಸಮೇತ ತೋರಿಸಿದಿರಿ. ನಮ್ಮ ತೋಟದ ಹೂವು ನನಗೆ ಹೇಳದೆ ಅಲ್ಲಿಯವರೆಗೆ ಹೋಗಿ ಘಮಘಮಿಸಿ ಬಂದಿರಬೇಕು, ಅದರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಇಷ್ಟಾದ ಮೇಲೆ ತಮ್ಮಲ್ಲಿ ನನ್ನದೊಂದು ವಿನಂತಿ. ಬರುವ ವರ್ಷದಿಂದ ಒಬ್ಬೊಬ್ಬರ ತೋಟಕ್ಕೂ ಬೇರೆ ಬೇರೆ ಬಗೆಯ ಮಳೆ ಸುರಿಸುವಂತೆ ಮೋಡಗಳಿಗೆ ತಾವೇ ಒಂದು ಸುತ್ತೋಲೆ ಕಳಿಸಿದರೆ ನಮ್ಮ ಪರಿಚಯಗಳೆಲ್ಲ ತಂತಾನೇ ಸ್ವಂತವಾಗುತ್ತವೆ. ಅದು ಕಷ್ಟವಾದರೆ ತಾವು ಒಂದು ದಿನದ ಮಟ್ಟಿಗೆ ಇಲ್ಲಿಗೆ ದಯಮಾಡಿಸಿ, ನಮ್ಮ ಜಗುಲಿಯಲ್ಲಿ ಕುಳಿತು, ಬಂದುಹೋಗುವವರ ಮೊದಲ ಮಾತನ್ನು ಕೇಳಿಸಿಕೊಳ್ಳಿ. ಎಲ್ಲರನ್ನೂ ಕೃತಿಚೌರ್ಯದ ಮೇಲೆ ಹಿಡಿಯಬೇಕಾದರೆ ನಮ್ಮ ಮೂಡಿಗೆರೆ ತಾಲ್ಲೂಕಿಗೇ ಬೀಗ ಹಾಕಬೇಕಾಗುತ್ತದೆ. ನನಗೆ ಅಷ್ಟೆಲ್ಲ ಬೇಡ. ನನಗೆ ಬೇಕಾಗಿರುವುದು ಎರಡನೆಯ ಪಾಠ, ಅದನ್ನೊಂದು ತೆರೆದು ಕೊಡಿ.

ಕಳ್ಳಿಯಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ಶಿವಗಂಗಮ್ಮ

ಮರೆತ ಮಾತು: ಈ ಪತ್ರ ಮುಗಿಸುವಷ್ಟರಲ್ಲಿ ಶನಿವಾರ ಬಂದೇಬಿಟ್ಟಿದ್ದರಿಂದ, ಸೀಟು ಹೋಗುವ ಭಯಕ್ಕೆ, ತಾವೇ ಪುಟದ ಕೆಳಗೆ ಕೊಟ್ಟಿದ್ದ ಮಾದರಿ ಪರಿಚಯವನ್ನು ಒಂದಕ್ಷರ ಬಿಡದೆ ನಕಲು ಮಾಡಿ ನನ್ನ ಹೆಸರು ಹಾಕಿ ಕಳಿಸಿದೆ: “ನಾನು ಮಹಾನಗರದವಳು. ದಿನವೂ ಮೆಟ್ರೋದಲ್ಲಿ ನಿಂತು ಪ್ರಯಾಣಿಸುವಾಗ ಅಪರಿಚಿತರ ಮುಖಗಳಲ್ಲಿ ಕಥೆಗಳನ್ನು ಓದುತ್ತೇನೆ.” ತಾವು ಹಸಿರು ಅಕ್ಷರದಲ್ಲಿ ‘ಅಭಿನಂದನೆಗಳು! ಸಂಪೂರ್ಣ ಸ್ವಂತ ಬರಹ. ಇಲ್ಲಿ ನಿಮ್ಮದೇ ದನಿ ಕೇಳಿಸುತ್ತಿದೆ’ ಎಂದು ಬರೆದು ಬಾಗಿಲು ತೆರೆದಿರಿ. ತನ್ನ ಮಳೆಗೂ ಆಧಾರದ ಲಿಂಕ್ ಸಿಗದೆ ಕುಸುಮಾಳೂ ಇದೇ ದಾರಿಯಲ್ಲಿ ಬಂದು ಪಾಸಾಗಿದ್ದಾಳೆ. ಎರಡನೆಯ ಪಾಠದಲ್ಲಿ ಪರಿಚಯದಲ್ಲಿ ಹೇಳಿದ ಪ್ರಯಾಣವನ್ನು ಸೋಮವಾರದೊಳಗೆ ಫೋಟೋ ಸಮೇತ ವರ್ಣಿಸಬೇಕಂತೆ. ನಾನು ಸುಳ್ಳು ಬರೆಯುವವಳಲ್ಲ. ಆದ್ದರಿಂದ ಭಾನುವಾರ ಸಂಜೆಯೊಳಗೆ ಬಣಕಲ್ಲಿಗೆ ಒಂದು ಮೆಟ್ರೋ ಹಾಕಿಸಿಕೊಡಿ. ನಿಲ್ದಾಣಕ್ಕೆ ನಮ್ಮ ಕಾಫಿ ಒಣಗಿಸುವ ಕಣ ಬಿಟ್ಟುಕೊಡುತ್ತೇವೆ, ಹೇಗೂ ಕುಯಿಲು ಮುಗಿದು ಖಾಲಿ ಬಿದ್ದಿದೆ. ಅಪರಿಚಿತರನ್ನು ಮಾತ್ರ ತಾವೇ ಕಳಿಸಿಕೊಡಬೇಕು, ನಮ್ಮಲ್ಲಿ ಆ ಸರಕು ಸಿಗುವುದಿಲ್ಲ.